ತೆರೆಯ ಮೇಲಿನ ಜಾಣ ನಾಯಿ ನಿಜಕ್ಕೂ ಯಾರ ಮಾತು ಕೇಳುತ್ತದೆ?

ಜ್ವರ ಬಂದು ಮಲಗಿರುವ ಹುಡುಗಿ. ಬಾಗಿಲು ತಳ್ಳಿಕೊಂಡು ನಾಯಿ ಒಳಗೆ ಬರುತ್ತದೆ, ಮಂಚದ ಅಂಚಿಗೆ ಗದ್ದ ಊರುತ್ತದೆ, ಕಣ್ಣು ಮಾತ್ರ ಮೇಲೆತ್ತಿ ಅವಳನ್ನೇ ನೋಡುತ್ತದೆ. ಹುಡುಗಿ ಕೈ ಚಾಚಿದರೆ ಮೆಲ್ಲಗೆ ನೆಕ್ಕುತ್ತದೆ. ಮಕ್ಕಳು ಮತ್ತು ಪ್ರಾಣಿಗಳ ಗೆಳೆತನದ ಸಿನಿಮಾಗಳಲ್ಲಿ ಇಂಥದ್ದೊಂದು ದೃಶ್ಯ ಇದ್ದೇ ಇರುತ್ತದೆ. ರಜೆಯಲ್ಲಿ ಮಕ್ಕಳ ಜೊತೆ ಕೂತು ನೋಡುವವರಿಗೆ "ಅದಕ್ಕೆ ಹೇಗೆ ಗೊತ್ತಾಯ್ತು?" ಎಂಬ ಪ್ರಶ್ನೆಯೂ ತಪ್ಪಿದ್ದಲ್ಲ.

ನಾಯಿಗೆ ಏನೂ ಗೊತ್ತಾಗಿಲ್ಲ. ಅದಕ್ಕೆ ಜ್ವರದ ಸುದ್ದಿಯೂ ಇಲ್ಲ, ಕಥೆಯ ಸುದ್ದಿಯೂ ಇಲ್ಲ. ಬಾಗಿಲು ತಳ್ಳುವುದು, ಗೊತ್ತುಮಾಡಿದ ಜಾಗಕ್ಕೆ ಹೋಗುವುದು, ಗದ್ದ ಊರುವುದು, ನೆಕ್ಕುವುದು ಎಂಬ ನಾಲ್ಕು ಕೆಲಸ ಅದಕ್ಕೆ ಬರುತ್ತದೆ. ನಾಲ್ಕನ್ನೂ ಬಿಡಿಬಿಡಿಯಾಗಿ ಕಲಿಸಿ, ಹೆಚ್ಚಿನ ಸಲ ಬಿಡಿಬಿಡಿಯಾಗಿಯೇ ಚಿತ್ರೀಕರಿಸಿ, ಆಮೇಲೆ ಜೋಡಿಸಿರುತ್ತಾರೆ. ಅದು ಕಣ್ಣೆತ್ತಿ ನೋಡುತ್ತಿರುವುದು ಹುಡುಗಿಯನ್ನೂ ಅಲ್ಲ, ಅವಳ ಭುಜದ ಹಿಂದೆ ಮಂಡಿಯೂರಿ ಕೂತಿರುವ ಟ್ರೇನರನ್ನು. ಇಷ್ಟು ತಿಳಿದ ಮೇಲೆ ಇಂಥ ಸಿನಿಮಾದ ರುಚಿ ಕೆಡುತ್ತದೆ ಎನ್ನುವವರಿದ್ದಾರೆ. ಕೆಲಸದ ಕಷ್ಟ ಗೊತ್ತಾದರೆ ಮೆಚ್ಚುಗೆ ಹೆಚ್ಚುವುದೇ ಜಾಸ್ತಿ.

ಚಿತ್ರಕಥೆಯಿಂದ ಕೆಲಸದ ಪಟ್ಟಿಗೆ

ಪ್ರಾಣಿಗೆ ಕಲಿಸುವ ಒಂದೊಂದು ಬಿಡಿ ಕೆಲಸಕ್ಕೂ ಟ್ರೇನರ್‌ಗಳು 'ಬಿಹೇವಿಯರ್' ಎನ್ನುತ್ತಾರೆ. ಆ ಕೆಲಸ ಈಗ ಮಾಡು ಎಂದು ತಿಳಿಸುವ ಸನ್ನೆ, ಸದ್ದು ಅಥವಾ ಮಾತು 'ಕ್ಯೂ'. ಪ್ರಾಣಿ ಬಂದು ನಿಲ್ಲಬೇಕಾದ ಜಾಗ 'ಮಾರ್ಕ್'. ಈ ಮೂರು ಪದ ತಿಳಿದರೆ ಮುಂದಿನದು ಸುಲಭ.

ಚಿತ್ರಕಥೆಯಲ್ಲಿ "ನಾಯಿ ಬೇಸರದಿಂದ ಮೂಲೆಗೆ ಹೋಗಿ ಮಲಗುತ್ತದೆ" ಎಂದಿರುತ್ತದೆ. ಬೇಸರವನ್ನು ಯಾವ ನಾಯಿಗೂ ಕಲಿಸಲಾಗದು. ಹಾಗಾಗಿ ಟ್ರೇನರ್ ಆ ಸಾಲನ್ನು ಒಡೆಯುತ್ತಾರೆ: ನಿಧಾನ ನಡೆ, ಮೂಲೆಯ ಮಾರ್ಕ್, ಮಲಗು, ಎರಡು ಪಂಜಗಳ ನಡುವೆ ಗದ್ದ. ಬೇಸರ ತರಿಸುವ ಹೊಣೆ ಸಂಕಲನಕಾರರದು ಮತ್ತು ಸಂಗೀತದವರದು. ಪಟ್ಟಿಯಲ್ಲಿ ಇರುವುದನ್ನೆಲ್ಲ ಚಿತ್ರೀಕರಣಕ್ಕೆ ವಾರಗಟ್ಟಲೆ ಮೊದಲೇ ಕಲಿಸಿ ಮುಗಿಸಬೇಕು. ಸೆಟ್‌ಗೆ ಬಂದಮೇಲೆ ನಿರ್ದೇಶಕರಿಗೆ ಹೊಸದೊಂದು ಹೊಳೆದು "ಹಾಗೇ ಆ ಟೋಪಿ ಕಚ್ಚಿಕೊಂಡು ಬರಲಿ" ಎಂದರೆ ಇಡೀ ತಂಡ ಕೈಕಟ್ಟಿ ಕೂರಬೇಕಾಗುತ್ತದೆ. ಇಂಥ ಚಿತ್ರಗಳ ವೇಳಾಪಟ್ಟಿ ಹಳಿತಪ್ಪುವುದಕ್ಕೆ ದೊಡ್ಡ ಕಾರಣಗಳಲ್ಲಿ ಇದೂ ಒಂದು.

'ಕ್ಲಿಕ್' ಎಂಬ ಸದ್ದು ಮಾಡುವ ಕೆಲಸ

ಈಗಿನ ತರಬೇತಿಯ ತಳಹದಿ ಸರಳ: ಯಾವ ನಡೆಗೆ ಒಳ್ಳೆಯ ಫಲ ಸಿಗುತ್ತದೋ ಆ ನಡೆಯನ್ನು ಪ್ರಾಣಿ ಮತ್ತೆ ಮಾಡುತ್ತದೆ. ತೊಡಕಿರುವುದು ಸಮಯದಲ್ಲಿ. ನಾಯಿ ಸರಿಯಾಗಿ ಪಂಜ ಎತ್ತಿತು ಎನ್ನಿ. ನೀವು ಜೇಬಿಗೆ ಕೈಹಾಕಿ ತಿನಿಸು ತೆಗೆದು ಕೊಡುವಷ್ಟರಲ್ಲಿ ಅದು ಪಂಜ ಇಳಿಸಿ, ನಿಮ್ಮ ಕೈಯನ್ನು ಮೂಸುತ್ತಿರುತ್ತದೆ. ಅದು ಕಲಿಯುವುದು ಮೂಸುವುದನ್ನು! ಈ ತೊಡಕಿಗೆ ಪರಿಹಾರವೇ ಒತ್ತಿದರೆ 'ಕ್ಲಿಕ್' ಎನ್ನುವ ಪುಟ್ಟ ಸಾಧನ, ಕ್ಲಿಕ್ಕರ್. ಮೊದಲೊಂದೆರಡು ದಿನ ಸುಮ್ಮನೆ ಕ್ಲಿಕ್ ಮಾಡಿ ತಿನಿಸು ಕೊಡುತ್ತಾ ಹೋದರೆ, ಸದ್ದಾದರೆ ತಿನಿಸು ಬಂತೆಂದೇ ಅರ್ಥ ಎಂಬುದು ನಾಯಿಗೆ ಗಟ್ಟಿಯಾಗುತ್ತದೆ. ಆಮೇಲೆ ಪಂಜ ಎದ್ದ ಕ್ಷಣದಲ್ಲೇ ಕ್ಲಿಕ್, ತಿನಿಸು ಒಂದೆರಡು ಸೆಕೆಂಡ್ ತಡವಾದರೂ ಚಿಂತೆಯಿಲ್ಲ. ಉತ್ತರ ಪತ್ರಿಕೆಯಲ್ಲಿ ಮೇಷ್ಟ್ರು ಹಾಕುವ ಸರಿ ಗುರುತಿದ್ದ ಹಾಗೆ ಇದು. ಯಾವುದು ಸರಿ ಎಂಬುದು ಅಲ್ಲೇ ತಿಳಿಯಿತು, ಅಂಕ ಆಮೇಲೆ ಎಣಿಸಿಕೊಂಡರಾಯಿತು. ಡಾಲ್ಫಿನ್‌ಗಳಿಗೆ ಇದೇ ಕೆಲಸಕ್ಕೆ ಸೀಟಿ ಬಳಸುತ್ತಾರೆ, ಏಕೆಂದರೆ ನೀರಿನಿಂದ ಮೇಲಕ್ಕೆ ನೆಗೆದಿರುವ ಪ್ರಾಣಿಯ ಬಾಯಿಗೆ ಆ ಕ್ಷಣದಲ್ಲಿ ಮೀನು ಹಾಕಲಾಗದು.

ಮಾರ್ಕ್ ಕಲಿಸುವುದನ್ನೇ ಹತ್ತಿರದಿಂದ ನೋಡೋಣ, ಏಕೆಂದರೆ ಸಿನಿಮಾದ ಮುಕ್ಕಾಲು ಪಾಲು ಕೆಲಸ ನಿಂತಿರುವುದು ಇದರ ಮೇಲೆ. ನೆಲದ ಮೇಲೆ ಒಂದಡಿ ಉದ್ದ ಒಂದಡಿ ಅಗಲದ ರಬ್ಬರ್ ಮ್ಯಾಟ್ ಹಾಕುತ್ತಾರೆ. ನಾಯಿ ಅದರತ್ತ ನೋಡಿದರೂ ಸಾಕು, ಕ್ಲಿಕ್. ಅತ್ತ ಒಂದು ಹೆಜ್ಜೆ ಇಟ್ಟರೆ ಕ್ಲಿಕ್. ಒಂದು ಪಂಜ ತಾಗಿದರೆ, ಆಮೇಲೆ ಮುಂದಿನ ಎರಡೂ ಪಂಜ ಮೇಲಿದ್ದರೆ ಮಾತ್ರ ಕ್ಲಿಕ್. ತಿನಿಸು ಬಟಾಣಿ ಕಾಳಿನಷ್ಟಿರಬೇಕು, ಮೆತ್ತಗಿರಬೇಕು. ಗಟ್ಟಿ ಬಿಸ್ಕತ್ತಾದರೆ ಅಗಿಯುವುದರಲ್ಲೇ ಹೊತ್ತು ಹೋಗಿ ನಾಯಿಗೆ ಏನು ಮಾಡಿದೆನೆಂಬುದು ಮರೆಯುತ್ತದೆ. ಒಂದು ಪಾಠ ಮೂರರಿಂದ ಐದು ನಿಮಿಷ, ದಿನಕ್ಕೆ ನಾಲ್ಕಾರು ಸಲ. ಹತ್ತರಲ್ಲಿ ಎಂಟು ಸಲ ಸರಿ ಬಂದರೆ ಮುಂದಿನ ಹಂತ, ಇಲ್ಲದಿದ್ದರೆ ಅಲ್ಲೇ.

ಗಟ್ಟಿಯಾದ ಮೇಲೆ ಮ್ಯಾಟನ್ನು ಕತ್ತರಿಸುತ್ತಾ ಬರುತ್ತಾರೆ. ಮೊದಲು ಅರ್ಧ, ಆಮೇಲೆ ಕಾಲು, ಕೊನೆಗೆ ಅಂಗೈಯಗಲ. ಸೆಟ್‌ನಲ್ಲಿ ಆ ಜಾಗಕ್ಕೆ ನೆಲದ ಬಣ್ಣದ್ದೇ ಒಂದು ಹಲಗೆ ಚೂರೋ ಚಪ್ಪಟೆ ಕಲ್ಲೋ ಬರುತ್ತದೆ, ಕ್ಯಾಮೆರಾದ ಕಡೆಯಿಂದ ಒಂದಿಷ್ಟು ಹುಲ್ಲು ಅದನ್ನು ಮರೆಮಾಡುತ್ತದೆ. ನಾಯಿ ಬೆಟ್ಟದ ತುದಿಗೆ ಓಡಿಬಂದು, ಸರಿಯಾಗಿ ಸೂರ್ಯನ ಎದುರಿಗೆ ನಿಂತು ಗೆಳೆಯನ ದಾರಿ ಕಾಯುವ ಶಾಟ್ ಕಂಡಾಗ ಅದರ ಮುಂಗಾಲಿನ ಬುಡ ನೋಡಿ. ಕೆಲವೊಮ್ಮೆ ಹಲಗೆಯ ಅಂಚು ಸಿಕ್ಕಿಬೀಳುತ್ತದೆ.

ಇಲ್ಲಿಂದಾಚೆಗೆ ಕಷ್ಟಪಡಿಸುವುದು ಮೂರು: ಎಷ್ಟು ಹೊತ್ತು, ಎಷ್ಟು ದೂರ, ಎಷ್ಟು ಗದ್ದಲ. ಒಮ್ಮೆಗೆ ಒಂದನ್ನಷ್ಟೇ ಹೆಚ್ಚಿಸಬೇಕು. ಎರಡು ಮೀಟರ್ ದೂರದಲ್ಲಿ ಹತ್ತು ಸೆಕೆಂಡ್ ಕೂರುವ ನಾಯಿಯನ್ನು ಒಂದೇ ಏಟಿಗೆ ಹತ್ತು ಮೀಟರ್ ದೂರದಲ್ಲಿ ಒಂದು ನಿಮಿಷ ಕೂರಿಸಲು ಹೋದರೆ ಎರಡೂ ಕೆಡುತ್ತವೆ. ಇನ್ನೊಂದು ಸಂಗತಿ, ಹಾಲ್‌ನಲ್ಲಿ ಕಲಿತದ್ದು ಬಯಲಿನಲ್ಲಿ ನಾಯಿಗೆ ಹೊಸ ಪಾಠ. ನಮಗೆ 'ಕೂರು' ಎಂದರೆ ಎಲ್ಲಿದ್ದರೂ ಕೂರು. ನಾಯಿಗೆ ಅದು 'ಈ ಕೋಣೆಯಲ್ಲಿ, ಈ ವ್ಯಕ್ತಿಯ ಎದುರು ಕೂರು'. ಅದಕ್ಕೇ ದೀಪದ ಸ್ಟ್ಯಾಂಡ್, ತಲೆಯ ಮೇಲೆ ತೂಗುವ ಮೈಕ್, ಕ್ರೇನಿನ ನೆರಳು ಎಲ್ಲವನ್ನೂ ಮೊದಲೇ ಅಭ್ಯಾಸ ಮಾಡಿಸುತ್ತಾರೆ. ಕ್ಲ್ಯಾಪ್ ಬೋರ್ಡಿನ 'ಟಪ್' ಸದ್ದಿಗೆ ಬೆಚ್ಚುವ ಪ್ರಾಣಿಯಿದ್ದರೆ ಬೋರ್ಡನ್ನು ಶಾಟ್ ಮುಗಿದ ಮೇಲೆ ತಲೆಕೆಳಗು ಹಿಡಿದು ಬಡಿಯುತ್ತಾರೆ. ತಲೆಕೆಳಗಿದ್ದರೆ ಅದು ಕೊನೆಯ ಕ್ಲ್ಯಾಪ್ ಎಂದು ಸಂಕಲನಕಾರರಿಗೆ ತಿಳಿಯುತ್ತದೆ.

ಶಾಟ್ ಕೆಡುವ ರೀತಿಗಳಲ್ಲಿ ಮೊದಲನೆಯದು, ಪ್ರಾಣಿ ನಡುವೆ ತಿರುಗಿ ಟ್ರೇನರ್ ಮುಖ ನೋಡುವುದು. ಓಡುವ ಶಾಟ್‌ಗಳಲ್ಲಿ ಇದನ್ನು ತಪ್ಪಿಸಲು ಇಬ್ಬರು ಟ್ರೇನರ್‌ಗಳಿರುತ್ತಾರೆ. ಒಬ್ಬರು ಇತ್ತ ಬಿಡುತ್ತಾರೆ, ಇನ್ನೊಬ್ಬರು ಅತ್ತ, ಕ್ಯಾಮೆರಾ ಚೌಕಟ್ಟಿನಾಚೆ, ಬಜರ್ ಒತ್ತಿ ಕರೆಯುತ್ತಾರೆ. ತೆರೆಯ ಮೇಲೆ ನಾಯಿ ಹುಡುಗನನ್ನು ಕಾಪಾಡಲು ಓಡುತ್ತಿದೆ, ವಾಸ್ತವದಲ್ಲಿ ಬಜರ್ ಕಡೆಗೆ. ಎರಡನೆಯದು ಹೊಟ್ಟೆ ತುಂಬುವುದು. ಹತ್ತಾರು ಟೇಕ್ ಆದಮೇಲೆ ತಿನಿಸಿಗೆ ಬೆಲೆಯೇ ಉಳಿಯದು. ಅದಕ್ಕೆ ತರಬೇತಿಯ ತಿನಿಸನ್ನು ದಿನದ ಊಟದ ಲೆಕ್ಕದಿಂದಲೇ ತೆಗೆದಿಡುತ್ತಾರೆ, ಮುಖ್ಯ ಶಾಟ್‌ಗಳನ್ನು ಊಟಕ್ಕೆ ಮುಂಚೆ ಮುಗಿಸುತ್ತಾರೆ. ಹಾಗಂತ ಹಸಿವಿನಲ್ಲಿ ಕೆಡವುವುದಿಲ್ಲ. ಹಸಿದ ಪ್ರಾಣಿ ಆತುರಪಟ್ಟು ಇನ್ನಷ್ಟು ಕೆಡಿಸುತ್ತದೆ.

ದುಃಖ, ಸಿಟ್ಟು, ನಾಚಿಕೆ

ನಾಯಿ ತಲೆ ಓರೆ ಮಾಡಿ 'ಹೌದಾ?' ಎನ್ನುವಂತೆ ನೋಡಬೇಕೆ? ಕ್ಯಾಮೆರಾ ಪಕ್ಕದಿಂದ ಅದು ಕೇಳಿರದ ವಿಚಿತ್ರ ಸದ್ದೊಂದನ್ನು ಮಾಡಿದರಾಯಿತು. ಆದರೆ ಆ ಸದ್ದು ಎರಡು ಮೂರು ಸಲಕ್ಕೆ ಹಳತಾಗುತ್ತದೆ, ಹಾಗಾಗಿ ಅದನ್ನು ಟೇಕ್‌ಗೆಂದೇ ಕಾದಿರಿಸುತ್ತಾರೆ. ನಾಚಿಕೊಂಡು ಪಂಜದಿಂದ ಮುಖ ಮುಚ್ಚಿಕೊಳ್ಳುವುದು ಶುರುವಾಗುವುದು ಮೂತಿಗೆ ಅಂಟಿಸಿದ ಕಾಗದದ ಚೂರಿನಿಂದ: ನಾಯಿ ಕಿತ್ತುಹಾಕಲು ಪಂಜ ಎತ್ತುತ್ತದೆ, ಆ ಕ್ಷಣಕ್ಕೆ ಕ್ಲಿಕ್. ಕೆಲವು ದಿನಗಳಲ್ಲಿ ಕಾಗದವಿಲ್ಲದೆ ಬರೀ ಸನ್ನೆಗೇ ಪಂಜ ಮೂತಿಗೇರುತ್ತದೆ. ಸಿಟ್ಟಿಗೆದ್ದು ಹಲ್ಲು ಕಿರಿಯುವುದೂ ಕಲಿಸಿದ ಕೆಲಸವೇ. ಗುರುಗುಟ್ಟುವ ಸದ್ದನ್ನು ಆಮೇಲೆ ಸೇರಿಸುತ್ತಾರೆ. ಆ ಹೊತ್ತಿಗೆ ಬಾಲ ಖುಷಿಯಿಂದ ಅಲ್ಲಾಡುತ್ತಿರುವುದುಂಟು, ಅದಕ್ಕೇ ಅಂಥ ಶಾಟ್‌ಗಳು ಬಹಳಷ್ಟು ಸಲ ಮುಖಕ್ಕೇ ಸೀಮಿತ. ಮಗುವಿನ ಕೆನ್ನೆ ನೆಕ್ಕುವ ಪ್ರೀತಿಗೆ ಕಾರಣ, ಕೆನ್ನೆಗೆ ಸವರಿರುವ ಚೂರು ಮಾಂಸದ ಪೇಸ್ಟ್. ಮನೆಯಲ್ಲಿ ಇದನ್ನು ಮಾತ್ರ ಮಾಡಬೇಡಿ. ಮಗುವಿನ ಮುಖದಲ್ಲಿ ತಿನಿಸಿರುತ್ತದೆ ಎಂಬ ಪಾಠ ನಾಯಿಗೆ ಒಮ್ಮೆ ಕೂತರೆ ಬಿಡಿಸುವುದು ಕಷ್ಟ.

ಉಳಿದ ಭಾವವೆಲ್ಲ ನಮ್ಮ ತಲೆಯೊಳಗೆ ಹುಟ್ಟುವುದು. 1920ರ ಆಸುಪಾಸಿನಲ್ಲಿ ರಷ್ಯಾದ ಚಿತ್ರ ನಿರ್ದೇಶಕ ಲೆವ್ ಕುಲೆಶೋವ್ ಒಬ್ಬ ನಟನ ನಿರ್ವಿಕಾರ ಮುಖದ ಒಂದೇ ತುಣುಕನ್ನು ಸೂಪಿನ ಬಟ್ಟಲು, ಶವಪೆಟ್ಟಿಗೆ ಇತ್ಯಾದಿ ಬೇರೆ ಬೇರೆ ಚಿತ್ರಗಳ ಜೊತೆ ಜೋಡಿಸಿ ತೋರಿಸಿದ. ನೋಡಿದವರಿಗೆ ಅದೇ ಮುಖದಲ್ಲಿ ಒಮ್ಮೆ ಹಸಿವು, ಇನ್ನೊಮ್ಮೆ ದುಃಖ ಕಂಡಿತಂತೆ. ಪ್ರಾಣಿಗಳ ಸಿನಿಮಾ ಪೂರ್ತಿ ಬದುಕಿರುವುದು ಇದರ ಮೇಲೆ. ಸುಮ್ಮನೆ ಕೂತ ನಾಯಿಯ ಮುಖ, ಆಮೇಲೆ ದೂರ ಸಾಗುವ ಕಾರು. ಮುಗಿಯಿತು, ನಮ್ಮ ಕಣ್ಣು ಒದ್ದೆ. ನಾಯಿಗೆ ಇನ್ನೊಂದು ಅನುಕೂಲವೂ ಇದೆ. ಹುಬ್ಬಿನ ಒಳತುದಿಯನ್ನು ಎತ್ತುವ ಒಂದು ಸ್ನಾಯು ನಾಯಿಗಳಲ್ಲಿ ಚೆನ್ನಾಗಿ ಬೆಳೆದಿರುತ್ತದೆ, ತೋಳಗಳಲ್ಲಿ ಇಲ್ಲವೆನ್ನುವಷ್ಟು ಕಡಿಮೆ ಎಂದು 2019ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅದು ಎದ್ದಾಗ ಕಣ್ಣು ದೊಡ್ಡದಾಗಿ, ಅಳುವ ಮಗುವಿನ ಮುಖದಂತೆ ಕಾಣುತ್ತದೆ. ಗದ್ದ ಊರಿಸಿ ಕಣ್ಣು ಮೇಲೆತ್ತಿಸುವ ಶಾಟ್ ಎಲ್ಲ ಚಿತ್ರಗಳಲ್ಲೂ ಬರುವುದು ಸುಮ್ಮನಲ್ಲ.

ಒಂದು ಹೆಸರು, ಹಲವು ಮೈ

ಒಂದೇ ಪ್ರಾಣಿ ಇಡೀ ಪಾತ್ರ ಮಾಡುವುದು ಅಪರೂಪ. ಒಂದು ಓಡುವುದರಲ್ಲಿ ಚುರುಕು, ಇನ್ನೊಂದಕ್ಕೆ ಅರ್ಧ ಗಂಟೆ ಅಲ್ಲಾಡದೆ ಮಲಗುವ ತಾಳ್ಮೆ, ಮತ್ತೊಂದಕ್ಕೆ ನೀರಿನ ಭಯವಿಲ್ಲ. ಹೋಲುವ ಮೂರು ನಾಲ್ಕನ್ನು ಆರಿಸಿ, ಮಚ್ಚೆಯ ವ್ಯತ್ಯಾಸವನ್ನು ಪ್ರಾಣಿಗೆ ತೊಂದರೆ ಕೊಡದ ಬಣ್ಣದಿಂದ ಸರಿಮಾಡುತ್ತಾರೆ. 1995ರ 'ಬೇಬ್' ಚಿತ್ರದ ಹಂದಿಮರಿಯ ಪಾತ್ರಕ್ಕೆ 48 ಮರಿಗಳು ಬೇಕಾದವು. ಹಂದಿಮರಿ ಎಷ್ಟು ಬೇಗ ಬೆಳೆಯುತ್ತದೆ ಎಂದರೆ, ಕಲಿಸಿದ್ದು ಕೈಗೆ ಬಂತೆನ್ನುವಷ್ಟರಲ್ಲಿ ಗಾತ್ರ ಪಾತ್ರವನ್ನು ಮೀರಿರುತ್ತದೆ. ಕೆಲವು ಶಾಟ್‌ಗಳಲ್ಲಿ ಯಂತ್ರದ ಗೊಂಬೆ, ಮಾತಾಡುವ ಬಾಯಿಗೆ ಕಂಪ್ಯೂಟರ್.

'ಲ್ಯಾಸಿ ಕಮ್ ಹೋಮ್' 1943ರಲ್ಲಿ ಬಂದಾಗ ಹೆಣ್ಣು ನಾಯಿಯ ಆ ಪಾತ್ರ ಮಾಡಿದ್ದು ಕಾಲಿ (collie) ತಳಿಯ ಪಾಲ್ ಎಂಬ ಗಂಡು ನಾಯಿ. ಹೆಣ್ಣು ಕಾಲಿಗಳ ಕೂದಲು ಋತುವಿಗೆ ತಕ್ಕಂತೆ ಹೆಚ್ಚು ಉದುರುತ್ತದೆ. ಇಂದು ತೆಗೆದ ಶಾಟ್‌ಗೂ ತಿಂಗಳ ನಂತರದ್ದಕ್ಕೂ ತಾಳೆಯಾಗದು. ಗಂಡು ನಾಯಿ ಗಾತ್ರದಲ್ಲೂ ದೊಡ್ಡದು, ಪಕ್ಕದಲ್ಲಿ ನಿಂತ ಬಾಲನಟ ಇನ್ನಷ್ಟು ಪುಟ್ಟವನಾಗಿ ಕಾಣುತ್ತಾನೆ.

ಮಗುವಿನ ಪಾಲಿನ ಕೆಲಸ

ಬಾಲನಟರಿಗೆ ಹೇಳಿಕೊಡುವ ಮೊದಲ ಪಾಠ ಪ್ರೀತಿಸುವುದಲ್ಲ, ಸುಮ್ಮನಿರುವುದು. ಪ್ರಾಣಿಯ ಎದುರಿಗೆ ಓಡಬಾರದು, ಕಿರುಚಬಾರದು, ಜೇಬಿನಲ್ಲಿ ತಿಂಡಿ ಇಡಬಾರದು, ಮುಖದ ಹತ್ತಿರ ಮುಖ ಒಯ್ಯಬಾರದು. ಮೊದಲ ಭೇಟಿಗಳಲ್ಲಿ ಎದುರುಬದುರು ನಿಲ್ಲಿಸುವುದಕ್ಕಿಂತ ಪಕ್ಕಪಕ್ಕದಲ್ಲಿ ನಡೆಸಿಕೊಂಡು ಹೋಗುವುದು ಒಳ್ಳೆಯದು. ಚಿತ್ರೀಕರಣದ ಹೊತ್ತಿನಲ್ಲಿ ನಾಯಿಗೆ ಆಜ್ಞೆ ಕೊಡುವವರು ಒಬ್ಬರೇ ಇರಬೇಕು. ಕಥೆಯಲ್ಲಿ ಹುಡುಗ "ಹೋಗು, ತಾ" ಎಂದರೂ, ಅದೇ ಕ್ಷಣಕ್ಕೆ ಟ್ರೇನರ್ ಕೈಸನ್ನೆ ಮಾಡಿರುತ್ತಾರೆ. ಸನ್ನೆಯಲ್ಲಿ ಆಗದ್ದಕ್ಕೆ ಟ್ರೇನರ್ ಬಾಯಿಬಿಟ್ಟು ಹೇಳಿ, ಆ ಧ್ವನಿಯನ್ನು ಡಬ್ಬಿಂಗ್‌ನಲ್ಲಿ ಅಳಿಸುವುದೂ ಇದೆ.

ಮಕ್ಕಳ ಕೆಲಸದ ಗಂಟೆಗಳಿಗೆ ಮಿತಿಯಿದೆ, ಪ್ರಾಣಿಗೂ ಬೇಗ ದಣಿವು. ಇಬ್ಬರೂ ಹುರುಪಿನಲ್ಲಿರುವ ಹೊತ್ತು ದಿನಕ್ಕೆ ಸ್ವಲ್ಪವೇ. ಹಾಗಾಗಿ ಮಗುವಿನ ಕ್ಲೋಸ್‌ಅಪ್ ತೆಗೆಯುವಾಗ ಎದುರಿಗೆ ಮೆತ್ತನೆಯ ಗೊಂಬೆ ಇರಬಹುದು, ನಾಯಿಯ ಕ್ಲೋಸ್‌ಅಪ್ ತೆಗೆಯುವಾಗ ಟ್ರೇನರ್. ಪ್ರಾಣಸ್ನೇಹಿತರಿಬ್ಬರು ಅರ್ಧ ಸಿನಿಮಾದಲ್ಲಿ ಒಂದೇ ಕೋಣೆಯಲ್ಲೇ ಇರುವುದಿಲ್ಲ. ಇಬ್ಬರ ಮುಖವೂ ಒಂದೇ ಚೌಕಟ್ಟಿನಲ್ಲಿದ್ದು, ಕಟ್ ಇಲ್ಲದೆ ಐದಾರು ಸೆಕೆಂಡ್ ಸಾಗುವ ಶಾಟ್ ಸಿಕ್ಕರೆ ಅದನ್ನು ಮೆಚ್ಚಿ. ತಂಡದ ಬೆವರು ಹರಿದಿರುವುದು ಅಲ್ಲಿ.

ಅಪ್ಪುಗೆಯ ಬಗ್ಗೆ ಒಂದು ಮಾತು. ಮಕ್ಕಳಿಗೆ ಅಪ್ಪಿಕೊಳ್ಳುವುದು ಪ್ರೀತಿ, ಬಹಳಷ್ಟು ನಾಯಿಗಳಿಗೆ ಅದು ಸಿಕ್ಕಿಬಿದ್ದ ಹಾಗೆ. ಸಿನಿಮಾದ ನಾಯಿಗೆ ಅದನ್ನು ಸಹಿಸಲು ಮೆಲ್ಲಮೆಲ್ಲಗೆ ಕಲಿಸಿರುತ್ತಾರೆ. ಆದರೂ ಗಮನವಿಟ್ಟು ನೋಡಿದರೆ ಕೆಲವು ಶಾಟ್‌ಗಳಲ್ಲಿ ಅದು ತುಟಿ ನೆಕ್ಕಿಕೊಳ್ಳುತ್ತದೆ, ಗೋಣು ಆಚೆ ತಿರುಗಿಸುತ್ತದೆ, ನಿದ್ದೆಯಿಲ್ಲದೆಯೂ ಆಕಳಿಸುತ್ತದೆ, ಕಣ್ಣಂಚಿನಲ್ಲಿ ಬಿಳಿ ಕಾಣಿಸುತ್ತದೆ. ಇವು ಬೇಡ ಎಂಬ ಸೂಚನೆಗಳು. ಮನೆಯ ನಾಯಿ ಹೀಗೆ ಮಾಡಿದರೆ ಮಗುವನ್ನು ಆಗಲೇ ಪಕ್ಕಕ್ಕೆ ಕರೆದುಕೊಳ್ಳಿ. ಗುರುಗುಟ್ಟಿದರೆ ಗದರಿಸಬೇಡಿ, ಎಚ್ಚರಿಸುವುದನ್ನೇ ನಿಲ್ಲಿಸಿದ ನಾಯಿ ನೇರ ಕಚ್ಚುತ್ತದೆ.

ಎಲ್ಲವೂ ನಾಯಿಯಲ್ಲ

ಬೆಕ್ಕಿಗೆ ಕಲಿಸಬಹುದು, ಆದರೆ ಒಪ್ಪಂದ ಚಿಕ್ಕದು. ಬಜರ್ ಕಡೆಗೆ ಬರುವುದು, ಮಾರ್ಕ್‌ನಲ್ಲಿ ಕೂರುವುದು, ಅಲ್ಲಿಗೆ ನಿಂತಿತು. ಅದಕ್ಕೇ ಒಂದೊಂದು ಕೆಲಸಕ್ಕೆ ಒಂದೊಂದು ಬೆಕ್ಕು. ಕುದುರೆ ಬೆದರಿ ಓಡುವ ಜಾತಿ. ನೆಲದಲ್ಲಿ ಬಿದ್ದ ಪ್ಲಾಸ್ಟಿಕ್ ಚೀಲವೂ ಶಾಟ್ ಕೆಡಿಸಬಲ್ಲದು. ಪುಟ್ಟ ಕ್ಯಾಪುಚಿನ್ ಕೋತಿ ಮರಿಯಾಗಿದ್ದಾಗ ಮುದ್ದು, ಪ್ರೌಢವಾಗುತ್ತಾ ಬಂದಂತೆ ಕಚ್ಚತೊಡಗುವುದು ಸಾಮಾನ್ಯ.

ಪ್ರಾಣಿಯ ಹುಟ್ಟುಗುಣ ತರಬೇತಿಯನ್ನು ಹೇಗೆ ಮೀರುತ್ತದೆ ಎಂಬುದನ್ನು ಅಮೆರಿಕದ ಪ್ರಾಣಿ ತರಬೇತುದಾರರಾದ ಕೆಲರ್ ಬ್ರೆಲೆಂಡ್ ಮತ್ತು ಮೇರಿಯನ್ ಬ್ರೆಲೆಂಡ್ ದಂಪತಿ 1961ರಲ್ಲೇ ಬರೆದಿಟ್ಟಿದ್ದಾರೆ. ನಾಣ್ಯವನ್ನು ಡಬ್ಬಿಗೆ ಹಾಕಲು ಅವರು ಅಮೆರಿಕದ ಪುಟ್ಟ ಕಾಡುಪ್ರಾಣಿಯಾದ ಒಂದು ರಕೂನ್‌ಗೆ ಕಲಿಸಿದರು. ಒಂದು ನಾಣ್ಯವಿದ್ದಾಗ ಹೇಗೋ ನಡೆಯಿತು. ಎರಡು ಕೊಟ್ಟರೆ ಅದು ಡಬ್ಬಿಯನ್ನು ಮರೆತು ಎರಡನ್ನೂ ಒಂದಕ್ಕೊಂದು ಉಜ್ಜುತ್ತಾ ಕೂತಿತು, ಹಿಡಿದ ಆಹಾರವನ್ನು ಉಜ್ಜುವ ಹಾಗೆ. ಹಂದಿಗಳೂ ಅಷ್ಟೇ, ಕೆಲವು ವಾರ ಮರದ ನಾಣ್ಯವನ್ನು ಚೆನ್ನಾಗಿ ತಂದುಕೊಟ್ಟವು, ಆಮೇಲೆ ದಾರಿಯಲ್ಲೇ ಬೀಳಿಸಿ ಮೂತಿಯಿಂದ ಮಣ್ಣು ಕೆದಕಲು ಶುರುಮಾಡಿದವು. ಅಭ್ಯಾಸ ಹೆಚ್ಚಿದಷ್ಟೂ ಇದು ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಅನುಭವಿ ಟ್ರೇನರ್‌ಗಳು ಹುಟ್ಟುಗುಣದ ಜೊತೆ ಗುದ್ದಾಡುವುದಿಲ್ಲ. ಕೆದಕುವ ಹಂದಿಗೆ ಕೆದಕುವ ದೃಶ್ಯವನ್ನೇ ಬರೆಸುತ್ತಾರೆ.

ಕಾಡುಪ್ರಾಣಿಗಳ ಕಥೆ ಬೇರೆ. 1993ರ 'ಫ್ರೀ ವಿಲ್ಲಿ'ಯಲ್ಲಿ ಹುಡುಗನೊಬ್ಬ ಓರ್ಕಾ ತಿಮಿಂಗಿಲವನ್ನು ಬಿಡುಗಡೆ ಮಾಡುತ್ತಾನೆ. ಆ ಪಾತ್ರ ಮಾಡಿದ ಕೈಕೋ 1979ರಲ್ಲಿ ಐಸ್‌ಲ್ಯಾಂಡ್ ಬಳಿ ಮರಿಯಾಗಿದ್ದಾಗಲೇ ಸೆರೆಸಿಕ್ಕಿತ್ತು. ಸಿನಿಮಾ ನೋಡಿದವರ ಒತ್ತಾಯದಿಂದ ಅದನ್ನು 1996ರಲ್ಲಿ ಅಮೆರಿಕದ ಒರೆಗಾನ್‌ಗೆ, 1998ರಲ್ಲಿ ಐಸ್‌ಲ್ಯಾಂಡಿಗೆ ಒಯ್ದರು. 2002ರಲ್ಲಿ ತೆರೆದ ಕಡಲಿಗೆ ಹೋದರೂ ಅದು ಕಾಡು ಓರ್ಕಾಗಳ ಗುಂಪಿಗೆ ಸೇರಿಕೊಳ್ಳಲಿಲ್ಲ, ನಾರ್ವೆಯ ತೀರಕ್ಕೆ ಬಂದು ಜನರ ಸಹವಾಸ ಹುಡುಕಿತು. 2003ರ ಡಿಸೆಂಬರ್‌ನಲ್ಲಿ ಅಲ್ಲೇ ಸತ್ತಿತು. ತೆರೆಯ ಮೇಲೆ ಒಂದು ಜಿಗಿತಕ್ಕೆ ಮುಗಿದ ಬಿಡುಗಡೆ ಹೊರಗೆ ಅಷ್ಟು ಸಲೀಸಾಗಿರಲಿಲ್ಲ.

ಟೈಟಲ್‌ಗಳ ಕೊನೆಯ ಸಾಲು

"ಈ ಚಿತ್ರದಲ್ಲಿ ಯಾವ ಪ್ರಾಣಿಗೂ ಹಾನಿಯಾಗಿಲ್ಲ" ಎಂಬ ಸಾಲಿನ ಹಿನ್ನೆಲೆ ಹಳೆಯದು. 1939ರ ಒಂದು ಹಾಲಿವುಡ್ ಚಿತ್ರಕ್ಕಾಗಿ ಕುದುರೆಯೊಂದನ್ನು ಬಂಡೆಯಂಚಿನಿಂದ ಬೀಳಿಸಿದಾಗ ಅದು ಸತ್ತಿತು. ಜನರ ಆಕ್ರೋಶದ ನಂತರ, 1940ರಿಂದ ಅಮೆರಿಕನ್ ಹ್ಯೂಮೇನ್ ಎಂಬ ಪ್ರಾಣಿದಯಾ ಸಂಸ್ಥೆ ಅಲ್ಲಿನ ಸೆಟ್‌ಗಳ ಮೇಲೆ ಕಣ್ಣಿಡಲು ಶುರುಮಾಡಿತು. ಇಂಥ ಪ್ರಮಾಣಪತ್ರ ಮುಖ್ಯವಾಗಿ ಹೇಳುವುದು ಕ್ಯಾಮೆರಾ ಓಡುತ್ತಿದ್ದ ಜಾಗದ ಬಗ್ಗೆ. ಪ್ರಾಣಿಯನ್ನು ಸಾಕಿದ ಜಾಗ, ಕಲಿಸಿದ ರೀತಿ, ಸಿನಿಮಾ ಮುಗಿದ ಮೇಲಿನ ಬದುಕು ಅದರೊಳಗೆ ಪೂರ್ತಿ ಬರುವುದಿಲ್ಲ.

ಪ್ರಾಣಿಯನ್ನೇ ಬಿಟ್ಟು ಸಿನಿಮಾ ಮಾಡುವ ದಾರಿಯೂ ಈಗ ಇದೆ. 2016ರ 'ದಿ ಜಂಗಲ್ ಬುಕ್'ನಲ್ಲಿ ಹುಡುಗ ನಿಜ, ಪ್ರಾಣಿಗಳೆಲ್ಲ ಕಂಪ್ಯೂಟರಿನವು. ಅವನಿಗೆ ಎದುರಿಗೆ ನೋಡಿ ಮಾತಾಡಲೆಂದು ಗೊಂಬೆ ಹಿಡಿದ ಕಲಾವಿದರಿದ್ದರು. ಹುಲಿ, ಕರಡಿಗಳ ವಿಷಯದಲ್ಲಿ ಇದೇ ಸರಿ ಎನಿಸುತ್ತದೆ. ನಾಯಿಯ ವಿಷಯದಲ್ಲಿ ಇನ್ನೂ ಪೂರ್ತಿ ಒಗ್ಗಿಲ್ಲ. ನಾಯಿಯನ್ನು ನಾವು ದಿನಾ ನೋಡುತ್ತೇವೆ, ಹುಬ್ಬು ಮನುಷ್ಯನಂತೆ ಕುಣಿದರೆ, ಪಂಜ ನೆಲಕ್ಕೆ ಊರಿದಾಗ ಭಾರ ಕಾಣದಿದ್ದರೆ ಕಣ್ಣಿಗೆ ತಟ್ಟನೆ ಹೊಡೆಯುತ್ತದೆ.

ಸಿನಿಮಾ ನೋಡಿ ನಾಯಿ ತರುವವರಿಗೆ

ನಾಯಿ ಇರುವ ಸಿನಿಮಾ ಗೆದ್ದ ಮೇಲೆ ಆ ತಳಿಗೆ ಬೇಡಿಕೆ ಏರುತ್ತದೆ. ಅಮೆರಿಕದ ತಳಿ ನೋಂದಣಿ ದಾಖಲೆಗಳನ್ನಿಟ್ಟುಕೊಂಡು 2014ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಕೆಲವು ಚಿತ್ರಗಳ ಪ್ರಭಾವ ಹತ್ತು ವರ್ಷದವರೆಗೂ ಇರುತ್ತದೆ. ತೆರೆಯ ಮೇಲೆ ಚುರುಕಾಗಿ ಕಾಣುವ ತಳಿ ದಿನವಿಡೀ ಕೆಲಸ ಬೇಡುವ ತಳಿಯೂ ಆಗಿರುತ್ತದೆ. ಕುರಿ ಕಾಯಲು ಬೆಳೆಸಿದ ಬಾರ್ಡರ್ ಕಾಲಿ ತಳಿಯ ನಾಯಿಗೆ ಮನೆಯಲ್ಲಿ ಕುರಿ ಸಿಗದಿದ್ದರೆ ಓಡುವ ಮಕ್ಕಳನ್ನೇ ಅಟ್ಟಿ ಹಿಮ್ಮಡಿಗೆ ಬಾಯಿ ಹಾಕುವುದುಂಟು.

ಈಗಾಗಲೇ ಮನೆಯಲ್ಲಿ ನಾಯಿಯಿದ್ದು, ಮಗುವಿಗೆ ಸಿನಿಮಾದ ಹುಚ್ಚು ಹತ್ತಿದ್ದರೆ ಮಾರ್ಕ್‌ನಿಂದಲೇ ಶುರುಮಾಡಿ. ಕ್ಲಿಕ್ಕರ್ ಇಲ್ಲದಿದ್ದರೆ ಯಾವಾಗಲೂ ಒಂದೇ ರೀತಿ ಹೇಳುವ ಚುಟುಕು ಪದವೊಂದು ಸಾಕು. ಪದ ಮಗು ಹೇಳಲಿ, ತಿನಿಸನ್ನು ದೊಡ್ಡವರು ನೆಲಕ್ಕೆ ಹಾಕಲಿ. ಪುಟ್ಟ ಬೆರಳುಗಳು ನಾಯಿಯ ಬಾಯಿಗೆ ಹೋಗುವುದು ಬೇಡ. ಮ್ಯಾಟನ್ನು ನಾಯಿ ಮೂಸದೆ ಸುತ್ತಿಬಂದರೆ ಅದು ಜಾರುತ್ತಿರಬಹುದು, ಕೆಳಗೆ ಒದ್ದೆ ಬಟ್ಟೆ ಹಾಸಿ. ಮ್ಯಾಟ್ ಕಚ್ಚಿ ಎಳೆದಾಡಿದರೆ ಪಾಠ ಮುಗಿದ ತಕ್ಷಣ ಎತ್ತಿಡಿ, ಆಟದ ಸಾಮಾನಾಗಲು ಬಿಡಬೇಡಿ. ಸತತ ಮೂರು ಸಲ ತಪ್ಪಿದರೆ ಹಂತ ಕಷ್ಟವಾಗಿದೆ ಎಂದರ್ಥ, ಹಿಂದಿನ ಹಂತಕ್ಕೆ ಇಳಿದು ಒಂದು ಸಲ ಸರಿ ಮಾಡಿಸಿ ಆ ಹೊತ್ತಿನ ಪಾಠ ಅಲ್ಲಿಗೇ ನಿಲ್ಲಿಸಿ.